ಸಾಯುವಾಗ ಮೇಲಕ್ಕೆ ಹಾರುವ ವೋಲ್ಟೇಜು

ಔಷಧಿ ಹೊಡೆಯುವ ಬ್ಯಾಟರಿ ಪಂಪು ಈಗ ಇಟಗಿ, ಕುಕನೂರು, ಯಲಬುರ್ಗಾ ಕಡೆಯ ಎಷ್ಟೋ ಒಕ್ಕಲು ಮನೆಗಳ ಪಡಸಾಲೆಯಲ್ಲಿ ಕೂತಿದೆ. ಕಡಲೆಗೆ ಕೀಡಿ ಬಿದ್ದಾಗ ಅದು ಬೆನ್ನಿಗೇರುತ್ತದೆ, ಉಳಿದ ದಿನ ಮೂಲೆ ಹಿಡಿಯುತ್ತದೆ. ಒಳಗಿರುವುದು 12 ವೋಲ್ಟಿನ ಬ್ಯಾಟರಿ. ಮನೆಯಲ್ಲಿ ಐಟಿಐಗೋ ಡಿಪ್ಲೊಮಾಕ್ಕೋ ಹೋಗುವ ಹುಡುಗನೋ ಹುಡುಗಿಯೋ ಇದ್ದರೆ ಆ ಬ್ಯಾಟರಿಗೆ ಬೇರೆ ಕೆಲಸ ಹುಟ್ಟುತ್ತದೆ. ಹೊಲದಲ್ಲಿ ಮೊಬೈಲ್ ಚಾರ್ಜ್ ಮಾಡಬೇಕು, ಬೋರಿನ ಮೋಟರು ಫೋನಿನಿಂದಲೇ ಚಾಲೂ ಆಗಬೇಕು, ಮಣ್ಣಿನ ತೇವ ಅಳೆಯುವ ಸೆನ್ಸರು ಮನೆಗೆ ಸುದ್ದಿ ಕಳಿಸಬೇಕು. ಇವಕ್ಕೆಲ್ಲ ಬೇಕಾದದ್ದು 5 ವೋಲ್ಟ್, ಅಥವಾ 4, ಅಥವಾ 3.3. ಬ್ಯಾಟರಿಯಲ್ಲಿರುವುದು 12. ನಡುವೆ ಒಂದು ಸಾಧನ ಬೇಕು.

ಅದು ಸಿಗುವುದು ಕಷ್ಟವಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ, ಅಂದರೆ ಸಾದರ ಪತ್ರಪ್ಪ ರಸ್ತೆಯ ಸಾಲು ಅಂಗಡಿಗಳಲ್ಲಿ, ನೂರು ರೂಪಾಯಿಯ ಒಂದು ನೋಟಿನೊಳಗೆ ಮುಗಿಯುವ ವ್ಯವಹಾರ. ಆನ್‌ಲೈನಿನಲ್ಲಿ ತರಿಸಿದರೆ ಕೊಪ್ಪಳದವರೆಗೆ ಕೊರಿಯರ್ ಬರುತ್ತದೆ. ಎರಡು ಬೆರಳಗಲದ ನೀಲಿ ಹಲಗೆ. ಮೇಲೆ ಒಂದು ಕಪ್ಪು ಚಿಪ್ಪು, ತಾಮ್ರದ ಸುರುಳಿ, ಎರಡು ಕಂಡೆನ್ಸರು, ಒಂದು ಡಯೋಡು, ಹಿತ್ತಾಳೆ ತಲೆಯ ಸ್ಕ್ರೂ ಇರುವ ನೀಲಿ ಡಬ್ಬಿ. ಚಿಪ್ಪಿನ ಮೇಲೆ ಎಲ್‌ಎಂ2596 ಎಂದು ಬರೆದಿರುತ್ತದೆ. ಜಾಹೀರಾತಿನಲ್ಲಿ 40 ವೋಲ್ಟಿನವರೆಗೆ ತಡೆಯುತ್ತದೆ, 3 ಆಂಪ್ ಕೊಡುತ್ತದೆ ಎಂದಿರುತ್ತದೆ. ಬಳಸುವವರು ಇದನ್ನು ‘ಬಕ್’ ಎನ್ನುತ್ತಾರೆ, ಇಲ್ಲವೇ ಸ್ಟೆಪ್‌ಡೌನ್.

ಈ ಹಲಗೆಯನ್ನು ಬೈಯುವುದು ಸುಲಭ. ನನ್ನ ತಕರಾರು ಅದರ ಅಗ್ಗತನದ ಮೇಲಲ್ಲ, ಅದು ಕೆಡುವ ದಿಕ್ಕಿನ ಮೇಲೆ. ನಮ್ಮ ಹಳ್ಳಿಗಳಲ್ಲಿ ಕರೆಂಟಿನ ಬಗ್ಗೆ ಇರುವ ನಿತ್ಯದ ದೂರು ‘ವೋಲ್ಟೇಜ್ ಇಲ್ರೀ’ ಎಂಬುದು. ಕಡಿಮೆ ವೋಲ್ಟೇಜಿಗೆ ಮೋಟರು ಗುಂಯ್‌ಗುಟ್ಟುತ್ತದೆ, ಟ್ಯೂಬ್‌ಲೈಟು ಮಿಣುಕುತ್ತದೆ. ಹುಷಾರಾಗಲು ಒಂದು ಗಳಿಗೆ ಸಿಗುತ್ತದೆ. ಬಕ್ ಕೆಡುವಾಗ ಸಾಮಾನ್ಯವಾಗಿ ವೋಲ್ಟೇಜು ಇಳಿಯುವುದಿಲ್ಲ, ಏರುತ್ತದೆ. 5 ಇರಬೇಕಾದಲ್ಲಿ 12 ಬಂದು ನಿಲ್ಲುತ್ತದೆ, ಮುಂದಿರುವ ಸರ್ಕೀಟು ಸದ್ದಿಲ್ಲದೆ ಸುಡುತ್ತದೆ. ಎಂಬತ್ತು ರೂಪಾಯಿಯ ವಸ್ತು ಸಾವಿರಾರು ರೂಪಾಯಿಯ ವಸ್ತುವನ್ನು ಜೊತೆಗೇ ಒಯ್ಯುತ್ತದೆ.

ಹೀಗೇಕೆ ಎಂದು ತಿಳಿಯಲು ಅದು ಕೆಲಸ ಮಾಡುವ ಬಗೆ ನೋಡಬೇಕು. ಕಂಬದ ಮೇಲಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸಾವಿರಾರು ವೋಲ್ಟನ್ನು ಇಳಿಸುತ್ತದೆ, ಆದರೆ ಅದು ದಿಕ್ಕು ಬದಲಿಸುತ್ತಲೇ ಇರುವ ಎಸಿ ವಿದ್ಯುತ್ತಿಗೆ ಮಾತ್ರ. ಬ್ಯಾಟರಿಯ ಡಿಸಿ ಅದರ ಕೈಗೆ ಸಿಗುವುದಿಲ್ಲ. ಡಿಸಿಗೆ ಹಳೆಯ ಉಪಾಯ 7805 ಎಂಬ ಮೂರು ಕಾಲಿನ ರೆಗ್ಯುಲೇಟರು. ಅದು ಪ್ರಾಮಾಣಿಕ, ಆದರೆ ದುಂದುಗಾರ: 12ರಲ್ಲಿ 5 ಕೊಟ್ಟು ಉಳಿದ 7 ವೋಲ್ಟನ್ನು ಬಿಸಿಯಾಗಿ ಸುಡುತ್ತದೆ. ಅರ್ಧ ಆಂಪಿಗೇ 3.5 ವ್ಯಾಟ್ ಬಿಸಿ. ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ಶಕ್ತಿ ಹೀಟ್‌ಸಿಂಕಿನ ಪಾಲು.

ಬಕ್ಕಿನ ಬುದ್ಧಿ ಬೇರೆ. ತುಂಗಭದ್ರೆಯ ಎಡದಂಡೆ ಕಾಲುವೆಯ ತೂಬೊಂದನ್ನು ನೆನೆಸಿಕೊಳ್ಳಿ. ತೂಬಿಗೆ ಅರ್ಧ ತೆರೆಯಲು ಬರುವುದಿಲ್ಲ. ಪೂರ್ತಿ ತೆರೆ, ಇಲ್ಲವೇ ಪೂರ್ತಿ ಮುಚ್ಚು, ಅಷ್ಟೆ. ಆದರೆ ತೂಬಿಗೂ ಗದ್ದೆಗೂ ನಡುವೆ ಒಂದು ಹೊಂಡವಿದ್ದು, ತೂಬನ್ನು ಲೆಕ್ಕ ಹಾಕಿ ತೆರೆದು ಮುಚ್ಚುತ್ತಿದ್ದರೆ, ಗದ್ದೆಗೆ ಬರುವ ನೀರು ಹದವಾಗಿಯೇ ಇರುತ್ತದೆ. ಚಿಪ್ಪಿನೊಳಗಿನ ಸ್ವಿಚ್ಚು ಆ ತೂಬು, ಸುರುಳಿ ಮತ್ತು ಕಂಡೆನ್ಸರು ಆ ಹೊಂಡ. ಎಲ್‌ಎಂ2596 ಸೆಕೆಂಡಿಗೆ 1,50,000 ಸಲ ತೆರೆದು ಮುಚ್ಚುತ್ತದೆ. ಪ್ರತಿ ಸುತ್ತಿನಲ್ಲೂ ಸುಮಾರು ಶೇ 42ರಷ್ಟು ಹೊತ್ತು ತೆರೆದಿದ್ದರೆ 12 ವೋಲ್ಟು 5 ಆಗುತ್ತದೆ. ಸುಡುವುದು ಕಡಿಮೆ, ಉಳಿಸುವುದು ಹೆಚ್ಚು. ಈಗ ತೂಬು ತೆರೆದೇ ಸಿಕ್ಕಿಕೊಂಡರೆ? ಇಡೀ ಕಾಲುವೆ ಗದ್ದೆಗೆ ನುಗ್ಗುತ್ತದೆ. ಅತಿಬಿಸಿಯಾದ ಸೆಮಿಕಂಡಕ್ಟರ್ ಸ್ವಿಚ್ಚು ಹೆಚ್ಚಾಗಿ ಕೆಡುವುದು ಹಾಗೆಯೇ, ತೆರೆದುಕೊಂಡೇ, ಅಂದರೆ ಶಾರ್ಟ್ ಆಗಿ. ಗೋಡೆಯ ಪ್ಲಗ್ಗಿಗೆ ಹಾಕುವ ಮೊಬೈಲ್ ಚಾರ್ಜರಿನಲ್ಲಿ ಎರಡು ಬದಿಯನ್ನು ಬೇರ್ಪಡಿಸುವ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಅಲ್ಲಿ ಸ್ವಿಚ್ಚು ಶಾರ್ಟ್ ಆದರೆ ಔಟ್‌ಪುಟ್ ಸತ್ತುಹೋಗುತ್ತದೆ. ಬಕ್ಕಿನಲ್ಲಿ ಆ ಗೋಡೆ ಇಲ್ಲ. ಇದು ಅಗ್ಗದ ಹಲಗೆಯದೊಂದೇ ದೋಷವಲ್ಲ, ಬಕ್ ಎಂಬ ಜಾತಿಯ ಗುಣ. ದುಬಾರಿ ಹಲಗೆಗಳು ಅದಕ್ಕೆ ಕಾವಲು ಇಡುತ್ತವೆ, ಅಗ್ಗದವು ಇಡುವುದಿಲ್ಲ.

ಸ್ವಿಚ್ಚಿಗಿಂತ ಮೊದಲು ಕೈಕೊಡುವುದು ಆ ಹಿತ್ತಾಳೆ ಸ್ಕ್ರೂ. ರಿಪೇರಿ ಅಂಗಡಿಯ ಭಾಷೆಯಲ್ಲಿ ಅದು ಪ್ರಿಸೆಟ್. 10 ಕಿಲೋಓಮಿನದು, ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 25 ಸುತ್ತು. ಹೊಸ ಹಲಗೆ ಕೊಂಡವರ ಮೊದಲ ದೂರು ಎಲ್ಲ ಕಡೆಯೂ ಒಂದೇ: ಎಷ್ಟು ತಿರುಗಿಸಿದರೂ ವೋಲ್ಟೇಜು ಅಲುಗುತ್ತಿಲ್ಲ, ಪೀಸು ಕೆಟ್ಟಿದೆ. ಪೀಸು ಕೆಟ್ಟಿರುವುದಿಲ್ಲ. ಚಿಪ್ಪು ತನ್ನೊಳಗಿನ 1.23 ವೋಲ್ಟಿನ ಅಳತೆಗೋಲಿಗೆ ಔಟ್‌ಪುಟ್ಟನ್ನು ಹೋಲಿಸಿ ನೋಡುತ್ತದೆ. ಹಲಗೆಯಲ್ಲಿ ಸಾಮಾನ್ಯವಾಗಿ 330 ಓಮಿನ ಒಂದು ಪುಟ್ಟ ರೆಸಿಸ್ಟರು, ಅದರ ಮೇಲೆ ಈ ಪ್ರಿಸೆಟ್. ಲೆಕ್ಕ ಹಾಕಿದರೆ ಒಂದು ಸುತ್ತಿಗೆ ಸುಮಾರು ಒಂದೂವರೆ ವೋಲ್ಟಿನ ವ್ಯತ್ಯಾಸ. ಸ್ಕ್ರೂ ಮೇಲ್ತುದಿಯಲ್ಲಿದ್ದರೆ ಅದು ಕೇಳುತ್ತಿರುವುದು 38 ವೋಲ್ಟಿಗಿಂತ ಹೆಚ್ಚು. ನೀವು ಕೊಟ್ಟಿರುವುದು 12. ಇಳಿಸುವ ಯಂತ್ರ ಏರಿಸಲಾರದು, ಇರುವಷ್ಟನ್ನೂ ಹಾಗೆಯೇ ಮುಂದೆ ತಳ್ಳುತ್ತದೆ. ಸ್ಕ್ರೂ ಹದಿನೆಂಟು ಸುತ್ತು ಇಳಿದ ಮೇಲಷ್ಟೇ ಮೀಟರಿನ ಅಂಕಿ ಕದಲುತ್ತದೆ. ತಾಳ್ಮೆಗೆಟ್ಟು ಮೊದಲೇ ಸೆನ್ಸರು ಜೋಡಿಸಿದವರ ಸೆನ್ಸರು ಹೋಯಿತು.

ನಿಧಾನದ ಅಪಾಯ ಇನ್ನೊಂದಿದೆ. ಪ್ರಿಸೆಟ್ಟಿನೊಳಗೆ ಒಂದು ಪುಟ್ಟ ಲೋಹದ ನಾಲಿಗೆ ರೆಸಿಸ್ಟರಿನ ಪಟ್ಟಿಯ ಮೇಲೆ ಒತ್ತಿ ಕೂತಿರುತ್ತದೆ. ಎರೆಮಣ್ಣಿನ ದೂಳು, ಟ್ರ್ಯಾಕ್ಟರಿನ ಅದುರು, ಮಳೆಗಾಲದ ತೇವ, ಇವುಗಳಿಂದ ಆ ಸ್ಪರ್ಶ ಒಂದು ಕ್ಷಣ ತಪ್ಪಿದರೆ ಚಿಪ್ಪಿಗೆ ಔಟ್‌ಪುಟ್ ಸೊನ್ನೆ ಎಂದು ಕಾಣುತ್ತದೆ. ಸೊನ್ನೆ ಇದ್ದರೆ ಏರಿಸಬೇಕು ತಾನೆ? ತೂಬನ್ನು ಪೂರ್ತಿ ತೆರೆಯುತ್ತದೆ. ಇದನ್ನು ವಿನ್ಯಾಸದ ಹೊಣೆಗೇಡಿತನ ಎನ್ನದೆ ಗತಿಯಿಲ್ಲ. ಪ್ರಿಸೆಟ್ಟನ್ನೂ ಆ ಪುಟ್ಟ ರೆಸಿಸ್ಟರನ್ನೂ ಅದಲುಬದಲು ಮಾಡಿ ಕೂಡಿಸಿದ್ದರೆ ಇದೇ ತಪ್ಪಿಗೆ ವೋಲ್ಟೇಜು ತಗ್ಗುತ್ತಿತ್ತು. ಖರ್ಚು ಒಂದು ಪೈಸೆಯೂ ಹೆಚ್ಚುತ್ತಿರಲಿಲ್ಲ.

ಇದಕ್ಕೆ ಮದ್ದು ಕೈಯಳತೆಯಲ್ಲೇ ಇದೆ. ಬೇಕಾದದ್ದು 5 ವೋಲ್ಟೇ ಆಗಿದ್ದರೆ ಪ್ರಿಸೆಟ್ಟನ್ನು ಕಿತ್ತು ಅದರ ಜಾಗದಲ್ಲಿ 1 ಕಿಲೋಓಮಿನ ಸಾದಾ ರೆಸಿಸ್ಟರು ಬೆಸೆಯುವುದು. ಹಲಗೆಯಲ್ಲಿರುವುದು 330 ಓಮೇ ಎಂದು ಮೀಟರಿನಿಂದ ಖಾತ್ರಿ ಮಾಡಿಕೊಂಡರೆ ಔಟ್‌ಪುಟ್ 4.96 ವೋಲ್ಟಿಗೆ ನಿಲ್ಲುತ್ತದೆ, ಅದುರಿದರೂ ಕದಲುವುದಿಲ್ಲ. 3.3 ವೋಲ್ಟ್ ಬೇಕಿದ್ದರೆ 560 ಓಮ್.

ಇನ್ನು ಆ 3 ಆಂಪಿನ ಮಾತು. ಚಿಪ್ಪಿನ ತಯಾರಕರ ದಾಖಲೆಯೇ 12ರಿಂದ 5ಕ್ಕೆ ಇಳಿಸುವಾಗ, 3 ಆಂಪ್ ಎಳೆದರೆ, ದಕ್ಷತೆ ಶೇ 80 ಎನ್ನುತ್ತದೆ. ಅಂದರೆ 15 ವ್ಯಾಟ್ ಹೊರಗೆ ಕೊಡುವಾಗ ಸುಮಾರು 3.75 ವ್ಯಾಟ್ ಬಿಸಿ. ಸುರುಳಿ, ಡಯೋಡುಗಳ ಪಾಲು ಕಳೆದರೂ ಎರಡು ವ್ಯಾಟಿಗೂ ಹೆಚ್ಚು ಚಿಪ್ಪಿನ ತಲೆಗೆ. ಹೀಟ್‌ಸಿಂಕಿಲ್ಲದ ಇಷ್ಟಗಲದ ಹಲಗೆಯಲ್ಲಿ ಪ್ರತಿ ವ್ಯಾಟಿಗೆ ಚಿಪ್ಪಿನ ಒಡಲು 40ರಿಂದ 50 ಡಿಗ್ರಿ ಏರುತ್ತದೆ. ಅದು ತಾಳುವ ಮಿತಿ 125 ಡಿಗ್ರಿ. ಎಸಿ ಹಾಕಿದ ಕೋಣೆಯ 25 ಡಿಗ್ರಿಯಲ್ಲೇ ಈ ಲೆಕ್ಕ ಅಂಚಿಗೆ ಬಂದು ನಿಲ್ಲುತ್ತದೆ. ಕೊಪ್ಪಳ ಸೀಮೆಯ ಏಪ್ರಿಲ್ ಮೇ ತಿಂಗಳಲ್ಲಿ ನೆರಳೇ 40 ಡಿಗ್ರಿ ದಾಟುತ್ತದೆ, ಬಿಸಿಲಲ್ಲಿಟ್ಟ ಪ್ಲಾಸ್ಟಿಕ್ ಡಬ್ಬಿಯೊಳಗೆ 60. ಅಲ್ಲಿ 2 ಆಂಪೂ ಹೆಚ್ಚೇ. ಪುಣ್ಯಕ್ಕೆ ಅಸಲಿ ಚಿಪ್ಪು ಅತಿಬಿಸಿಯಾದರೆ ತಾನಾಗಿ ನಿಂತು, ತಣ್ಣಗಾದ ಮೇಲೆ ಮತ್ತೆ ಏಳುತ್ತದೆ. ಮಧ್ಯಾಹ್ನ ಸತ್ತು ಸಂಜೆ ಬದುಕುವ ಸರ್ಕೀಟು ನಿಮ್ಮಲ್ಲಿದ್ದರೆ ಮಾಟಮಂತ್ರ ಹುಡುಕಬೇಕಿಲ್ಲ. ಹೊಲದ ಲೆಕ್ಕಕ್ಕೆ ಅದನ್ನು 1 ಆಂಪಿನ ಹಲಗೆ ಎಂದುಕೊಳ್ಳುವುದು ಲೇಸು. ಬಿಸಿ ಕಂಡೆನ್ಸರುಗಳ ಆಯಸ್ಸನ್ನೂ ತಿನ್ನುತ್ತದೆ. ಅವುಗಳೊಳಗಿನ ದ್ರವ ಆರುತ್ತ ಹೋಗುತ್ತದೆ, ಪ್ರತಿ 10 ಡಿಗ್ರಿ ಏರಿಕೆಗೆ ಬಾಳಿಕೆ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನವರ ಹಳೆಯ ಲೆಕ್ಕ.

‘ಅಸಲಿ ಚಿಪ್ಪು’ ಎಂದೆ. ಎಲ್‌ಎಂ2596 ಅಮೆರಿಕದ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಕೂಸು. 2011ರಲ್ಲಿ ಆ ಕಂಪನಿಯನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೊಂಡಿತು. ಅಧಿಕೃತ ಮಾರಾಟಗಾರರಲ್ಲಿ ಆ ಒಂದು ಚಿಪ್ಪಿನ ಬೆಲೆಯೇ ಇಡೀ ನೀಲಿ ಹಲಗೆಯ ಬೆಲೆಯನ್ನು ಮೀರುತ್ತದೆ. ಹಾಗಾದರೆ ಹಲಗೆಯ ಮೇಲಿರುವುದು ಯಾವುದು? ಇಂಥ ಹಲಗೆಗಳನ್ನು ಆಸಿಲೋಸ್ಕೋಪಿಗೆ ಹಾಕಿ ನೋಡಿದ ಹವ್ಯಾಸಿಗಳು ಮತ್ತೆ ಮತ್ತೆ ಕಂಡದ್ದು ಒಂದೇ: ಸೆಕೆಂಡಿಗೆ ಒಂದೂವರೆ ಲಕ್ಷ ಸಲ ಬಡಿಯಬೇಕಾದ ಸ್ವಿಚ್ಚು ಐವತ್ತು ಸಾವಿರದ ಆಸುಪಾಸಿನಲ್ಲಿ ಬಡಿಯುತ್ತಿರುತ್ತದೆ. ಅದು ಹಿಂದಿನ ತಲೆಮಾರಿನ, ಎಲ್‌ಎಂ2576 ಬಗೆಯ ಚಿಪ್ಪಿನ ವೇಗ. ಹಳೆಯ ಬಗೆಯ ಒಡಲಿನ ಮೇಲೆ ಹೊಸ ಹೆಸರು.

ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅಲ್ಲಿನ ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಹೊಗಳುತ್ತದೆ. ಹೊಗಳಿಕೆ ಅತಿಯೆನಿಸಿದರೆ ಎದುರಿಗೇ ನಿಂತ ಕಂಬಗಳನ್ನು ನೋಡಿ ತಾಳೆ ಹಾಕಿಕೊಳ್ಳಬಹುದು. ಚಿಪ್ಪಿನ ಮೇಲೆ ಲೇಸರಿನಿಂದ ಕೊರೆದ ಶಾಸನಕ್ಕೆ ತಾಳೆ ನೋಡುವ ದಾರಿ ಬರಿಗಣ್ಣಿಗಿಲ್ಲ. ಕಂಪನಿಯ ಚಿಹ್ನೆಯಿಂದ ಹಿಡಿದು ಎಲ್ಲವೂ ಇರುತ್ತದೆ, ನಿಜ ಮಾತ್ರ ಇರುವುದಿಲ್ಲ.

ಹೆಸರು ಏನಿದ್ದರೇನು, 5 ವೋಲ್ಟ್ ಬಂದರೆ ಸಾಕಲ್ಲ ಎನ್ನುವವರಿಗೆ ಒಂದು ಲೆಕ್ಕ. ಹಲಗೆಯ ಸುರುಳಿ ಬಹಳ ಸಲ 33 ಮೈಕ್ರೊಹೆನ್ರಿಯದು, ಒಂದೂವರೆ ಲಕ್ಷ ಬಡಿತಕ್ಕೆ ಆರಿಸಿದ್ದು. ಆ ವೇಗದಲ್ಲಿ ಸುರುಳಿಯ ಕರೆಂಟು ಪ್ರತಿ ಬಡಿತಕ್ಕೂ 0.6 ಆಂಪಿನಷ್ಟು ಏರಿಳಿಯುತ್ತದೆ. ವೇಗ ಮೂರನೇ ಒಂದಕ್ಕೆ ಇಳಿದರೆ ಏರಿಳಿತ ಮೂರು ಪಟ್ಟು, ಹೆಚ್ಚುಕಡಿಮೆ 1.8 ಆಂಪ್. ಕಂಡೆನ್ಸರು ಇನ್ನಷ್ಟು ಬಿಸಿ, ಔಟ್‌ಪುಟ್ಟಿನಲ್ಲಿ ಇನ್ನಷ್ಟು ಅಲೆ. ಎಲ್‌ಇಡಿಗೆ ಅದು ತಾಗುವುದಿಲ್ಲ. ಮಣ್ಣಿನ ತೇವ ಅಳೆಯುವ ಸೆನ್ಸರಿಗೆ ತಾಗುತ್ತದೆ: ನೀರು ಬಿಡದಿದ್ದರೂ ಹೊಲ ಒಮ್ಮೆ ಹಸಿ ಒಮ್ಮೆ ಒಣ ಎಂದು ತೋರಿಸುತ್ತದೆ.

ನಮ್ಮ ಸೀಮೆಯಲ್ಲಿ ಈ ಹಲಗೆಗೆ ಅತಿ ದೊಡ್ಡ ಗಂಡಾಂತರ ಸೋಲಾರ್. ಯಲಬುರ್ಗಾ, ಕುಕನೂರು ಕಡೆ ಗಾಳಿಯಂತ್ರಗಳ ಜೊತೆ ಸೋಲಾರ್ ಪ್ಯಾನೆಲ್ಲುಗಳೂ ಹೊಸವಲ್ಲ. ಗೋಡೌನಿನ ಮೇಲೆ ಕೂತ ಬಿಡಿ ಪ್ಯಾನೆಲ್ಲಿನಿಂದ ಒಂದು ವೈರು ಎಳೆದುಕೊಂಡು ಬಕ್ಕಿಗೆ ಕೊಡುವ ಆಸೆ ಸಹಜ. 12 ವೋಲ್ಟಿನದು ಎನ್ನುವ ಪ್ಯಾನೆಲ್ಲು, ಏನೂ ಜೋಡಿಸದಿದ್ದಾಗ, 21–22 ವೋಲ್ಟ್ ತೋರಿಸುತ್ತದೆ. ಅದು ಸರಿ. 72 ಸೆಲ್ಲಿನ ದೊಡ್ಡ ಪ್ಯಾನೆಲ್ಲು 45 ವೋಲ್ಟಿನ ಸುತ್ತಮುತ್ತ. ಚಿಪ್ಪು ಸುಖವಾಗಿರುವುದು 40ರವರೆಗೆ, 45 ಅದರ ಸಾವಿನ ಗೆರೆ. ಸೋಜಿಗವೆಂದರೆ ಇದು ಬೇಸಿಗೆಯಲ್ಲಿ ಬದುಕಿಬಿಡುತ್ತದೆ. ಪ್ಯಾನೆಲ್ಲು ಕಾದಷ್ಟೂ ವೋಲ್ಟೇಜು ಇಳಿಯುತ್ತದೆ, ಡಿಗ್ರಿಗೆ ಸುಮಾರು ಶೇ 0.3. ಮೇ ತಿಂಗಳ ನಡುಹಗಲು 60 ಡಿಗ್ರಿ ಕಾದ ಪ್ಯಾನೆಲ್ಲು 40ಕ್ಕೆ ಬಂದು ನಿಲ್ಲುತ್ತದೆ, ಎಲ್ಲ ಚೆಂದ ಎನಿಸುತ್ತದೆ. ಸಂಕ್ರಾಂತಿಯ ಆಚೀಚೆ 15 ಡಿಗ್ರಿಯ ಬೆಳಗಿನಲ್ಲಿ ಬಿಸಿಲು ನೇರ ಬಿದ್ದಾಗ ಅದೇ ಪ್ಯಾನೆಲ್ಲು 46 ದಾಟುತ್ತದೆ. ಎಂಟು ತಿಂಗಳು ದುಡಿದದ್ದು ಒಂದು ಚಳಿಯ ಮುಂಜಾನೆ ಹೋಗುತ್ತದೆ, ಕಾರಣ ಹೊಳೆಯುವುದಿಲ್ಲ. ಬ್ಯಾಟರಿ ಸ್ಕೂಟರಿನ 48 ಅಥವಾ 60 ವೋಲ್ಟಿಗೂ ಇದನ್ನು ಹಚ್ಚಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ. ಸೋಲಾರ್ ಪಂಪ್‌ಸೆಟ್ಟುಗಳಲ್ಲಿ ಪ್ಯಾನೆಲ್ಲುಗಳನ್ನು ಸಾಲಾಗಿ ಜೋಡಿಸಿರುತ್ತಾರೆ, ನೂರಾರು ವೋಲ್ಟ್ ಡಿಸಿ ಇರುತ್ತದೆ. ಅಲ್ಲಿ ಸುಡುವುದು ಚಿಪ್ಪು ಮಾತ್ರವಲ್ಲ, ಕೈಯೂ ಹೌದು. ಅದರ ತಂಟೆಗೆ ಹೋಗಲೇಬಾರದು.

ಚಿಕ್ಕ ಪ್ಯಾನೆಲ್ಲಿನದು ಬೇರೆಯೇ ಚೇಷ್ಟೆ. ಬೆಳಗಾಗುವಾಗ ಬಿಸಿಲು ಎಳೆಯದು, ಪ್ಯಾನೆಲ್ಲಿಗೆ ಎರಡು ವ್ಯಾಟ್ ಕೊಡುವ ತ್ರಾಣ. ಮುಂದಿನ ಸರ್ಕೀಟು ಕೇಳುವುದು ಐದು. ಬಲ್ಬಿಗೆ ವೋಲ್ಟೇಜು ಇಳಿದರೆ ಅದು ಎಳೆಯುವ ಕರೆಂಟೂ ಇಳಿಯುತ್ತದೆ. ಬಕ್ಕಿನದು ತಿರುಗುಮುರುಗು: ಇನ್‌ಪುಟ್ ವೋಲ್ಟೇಜು ಇಳಿದಷ್ಟೂ ಅದೇ ಶಕ್ತಿಗಾಗಿ ಹೆಚ್ಚು ಕರೆಂಟು ಎಳೆಯುತ್ತದೆ. ಎಳೆದಷ್ಟೂ ಪ್ಯಾನೆಲ್ಲು ಕುಸಿಯುತ್ತದೆ, ಕುಸಿದಷ್ಟೂ ಇನ್ನೂ ಎಳೆಯುತ್ತದೆ. ಕೊನೆಗೆ ಬಿಕ್ಕಳಿಸುತ್ತ ಅಲ್ಲೇ ನಿಲ್ಲುತ್ತದೆ. ಬಿಸಿಲೇರಿದರೂ ಎಷ್ಟೋ ಸಲ ಏಳುವುದಿಲ್ಲ. ಈ ತಿರುಗುಮುರುಗು ಗುಣ ಎಂಥ ತೊಂದರೆ ತರಬಲ್ಲದು ಎಂಬುದನ್ನು ಕ್ಯಾಲಿಫೋರ್ನಿಯಾದ ಕಾಲ್‌ಟೆಕ್ ಸಂಸ್ಥೆಯ ಮಿಡಲ್‌ಬ್ರೂಕ್ 1976ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಪ್ಯಾನೆಲ್ಲಿಗೂ ಬಕ್ಕಿಗೂ ನಡುವೆ ಚಾರ್ಜ್ ಕಂಟ್ರೋಲರಿನ ಜೊತೆ ಒಂದು ಬ್ಯಾಟರಿ ಇಟ್ಟರೆ ಎರಡೂ ಕಾಟ ಒಟ್ಟಿಗೆ ತಪ್ಪುತ್ತವೆ. ಔಷಧಿ ಪಂಪಿನ ಬ್ಯಾಟರಿಯೇ ಆದೀತು.

ಕುಷ್ಟಗಿ ಕಡೆಯ ದಾಳಿಂಬೆ ತೋಟವಾಗಲಿ ಗಂಗಾವತಿಯ ಗದ್ದೆಯಾಗಲಿ, ಎಲ್ಲರಿಗೂ ಗೊತ್ತಿರುವ ಸಾಧನ ಮೊಬೈಲ್ ಸ್ಟಾರ್ಟರ್. ತ್ರೀಫೇಸ್ ಕರೆಂಟು ಸರಿರಾತ್ರಿ ಬಂದರೆ ಹೊಲಕ್ಕೆ ನಡೆಯುವುದನ್ನು ತಪ್ಪಿಸಿದ್ದು ಅದೇ. ಅದನ್ನು ಮನೆಯಲ್ಲೇ ಮಾಡಲು ಹೊರಟವರು ಕೊಳ್ಳುವುದು ಸಿಮ್800ಎಲ್ ಎಂಬ 2ಜಿ ಹಲಗೆ. (ಜಿಯೋ ಸಿಮ್ ಅದಕ್ಕೆ ನಡೆಯದು, ಆ ಕಂಪನಿಗೆ 2ಜಿ ಜಾಲವೇ ಇಲ್ಲ.) ಅದಕ್ಕೆ ಬೇಕಾದದ್ದು 3.4ರಿಂದ 4.4 ವೋಲ್ಟ್. ಟವರಿನೊಡನೆ ಮಾತಾಡುವಾಗ ಅದು ಅರ್ಧ ಮಿಲಿಸೆಕೆಂಡಿನ ಮಿಂಚಿನಂಥ ಗುಟುಕುಗಳಲ್ಲಿ 2 ಆಂಪ್ ಎಳೆಯುತ್ತದೆ. ಮಲ್ಟಿಮೀಟರು ಅಷ್ಟು ಚುರುಕಲ್ಲ, 4.0 ವೋಲ್ಟ್ ಸರಿಯಾಗಿದೆ ಎನ್ನುತ್ತದೆ. ಆದರೆ ಬಕ್ಕಿನಿಂದ ಹಲಗೆಗೆ ಒಂದು ಮೀಟರ್ ತೆಳು ವೈರಿದ್ದರೆ, ಮೀಟರಿಗೆ 0.13 ಓಮಿನಂತೆ ಹೋಗಿ ಬರುವ ದಾರಿಯಲ್ಲೇ ಅರ್ಧ ವೋಲ್ಟ್ ಸೋರುತ್ತದೆ. ಹಲಗೆಗೆ ಮುಟ್ಟುವುದು 3.5ರ ಹತ್ತಿರ. ಅದರ ಮೇಲೆ ಬಕ್ಕಿನ ಸ್ವಂತ ತಡವರಿಕೆ ಸೇರಿದರೆ ಕರೆ ಬಂದ ಕ್ಷಣವೇ ಹಲಗೆ ಮೂರ್ಛೆ ಹೋಗಿ ಹೊಸದಾಗಿ ಎದ್ದೇಳುತ್ತದೆ. ಬೈಗುಳ ಮಾತ್ರ ಸಿಮ್ಮಿಗೆ, ಟವರಿಗೆ. ದಪ್ಪ ವೈರು, ಗೇಣಿಗಿಂತ ಕಡಿಮೆ ಉದ್ದ, ಹಲಗೆಯ ಕಾಲಿಗೇ ಒಂದು 1000 ಮೈಕ್ರೊಫ್ಯಾರಡ್ ಕಂಡೆನ್ಸರು: ಬಹುಪಾಲು ಕಥೆ ಅಲ್ಲಿಗೆ ಮುಗಿಯುತ್ತದೆ.

ಟ್ರ್ಯಾಕ್ಟರಿನಲ್ಲಿ ಬಕ್ ಕೂಡಿಸುವವರಿಗೆ ಒಂದೇ ಮಾತು. ಎಂಜಿನ್ ಓಡುವಾಗ 12 ಎಂಬುದು 14 ದಾಟಿರುತ್ತದೆ. ಆಗ ಬ್ಯಾಟರಿಯ ಸಡಿಲ ಕ್ಲ್ಯಾಂಪು ಕಳಚಿದರೆ ಆಲ್ಟರ್ನೇಟರಿನಿಂದ ಎಂಬತ್ತು ನೂರು ವೋಲ್ಟಿನ ಏಟು ಬರಬಹುದು.

ಹಾಗಾದರೆ ಕೊಳ್ಳಲೇಬಾರದೆ? ಕೊಳ್ಳಬಹುದು, ಆದರೆ ಹಲಗೆಯ ಬೆಲೆಯಷ್ಟೇ ಕಾವಲಿಗೂ ಎತ್ತಿಡಬೇಕು. ಇನ್‌ಪುಟ್ಟಿಗೆ ಗಾಜಿನ ಫ್ಯೂಸು, 1 ಆಂಪಿನ ಕೆಲಸಕ್ಕೆ 2 ಆಂಪಿನದು ಸಾಕು. ಔಟ್‌ಪುಟ್ಟಿಗೆ ಅಡ್ಡಲಾಗಿ 5 ವ್ಯಾಟಿನ, 5.6 ವೋಲ್ಟಿನ ಒಂದು ಝೀನರ್ ಡಯೋಡು. ಮಾಮೂಲು 5 ವೋಲ್ಟಿರುವಾಗ ಅದು ತೆಪ್ಪಗಿರುತ್ತದೆ. ಸ್ವಿಚ್ಚು ಶಾರ್ಟ್ ಆಗಿ 12 ನುಗ್ಗಿದರೆ ಝೀನರು ಅದನ್ನು ತನ್ನ ಮೈಮೇಲೆ ಎಳೆದುಕೊಂಡು ಫ್ಯೂಸು ಹಾರಿಸುತ್ತದೆ. ತಾನೂ ಸಾಯಬಹುದು, ಅದಕ್ಕಾಗಿಯೇ ಇಟ್ಟದ್ದು. ವೈರು ಉಲ್ಟಾ ಜೋಡಿಸುವ ಭಯಕ್ಕೆ ಇನ್‌ಪುಟ್ಟಿನಲ್ಲಿ ಸಾಲಾಗಿ ಇನ್ನೊಂದು ಡಯೋಡು. ಕೆಂಪು ಕಪ್ಪು ಅದಲುಬದಲಾದರೆ ಈ ಹಲಗೆಗೆ ಕ್ಷಮೆ ಎಂಬುದು ಗೊತ್ತಿಲ್ಲ.

ಶಾಲೆಗಳ ಮಾತನ್ನೂ ಹೇಳಬೇಕು. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ನೆರವಿದೆ. ಆರನೇ ತರಗತಿಯ ಮಕ್ಕಳು ರೋಬೊಟ್ ಓಡಿಸುತ್ತಾರೆ, ಸಂತೋಷ. ಆದರೆ ಔಟ್‌ಪುಟ್ಟಿಗೆ ಏನನ್ನೂ ಜೋಡಿಸದೆ ಮೊದಲು ಮೀಟರು ಹಿಡಿದು ನೋಡುವ ಅಭ್ಯಾಸ ರೋಬೊಟ್ಟಿಗಿಂತ ಮುಂಚೆ ಬರಬೇಕು. ಬೇಕೆಂದೇ ಒಂದು ಹಲಗೆಯನ್ನು ಮಕ್ಕಳ ಮುಂದೆ ಸುಟ್ಟು ತೋರಿಸಿದರೂ ನಷ್ಟವಿಲ್ಲ. ಆ ಪಾಠದ ಬೆಲೆ ಎಂಬತ್ತು ರೂಪಾಯಿ.

ನಕಲಿ ಚಿಪ್ಪನ್ನು ಗುರುತಿಸಲು ಆಸಿಲೋಸ್ಕೋಪು ಬೇಕು ಎಂದು ಕೈಚೆಲ್ಲಬೇಕಿಲ್ಲ, ಮೀಡಿಯಂ ವೇವ್ ಇರುವ ಹಳೆಯ ರೇಡಿಯೊ ಸಾಕು. ಬಡಿಯುವ ಸ್ವಿಚ್ಚು ತನ್ನ ವೇಗದ ಎರಡು ಪಟ್ಟು, ಮೂರು ಪಟ್ಟು, ಹೀಗೆ ಪಟ್ಟುಪಟ್ಟಿನಲ್ಲೂ ರೇಡಿಯೊ ಅಲೆ ಚೆಲ್ಲುತ್ತದೆ. ಒಂದೂವರೆ ಲಕ್ಷದ ಐದು ಪಟ್ಟು 750 ಕಿಲೋಹರ್ಟ್ಸ್. ಧಾರವಾಡ ಆಕಾಶವಾಣಿಯ ಜಾಗ 765. ಅಸಲಿ ಚಿಪ್ಪುಗಳಲ್ಲೂ ವೇಗ ಸ್ವಲ್ಪ ಆಚೀಚೆ ಇರುವುದರಿಂದ 153 ಸಾವಿರದಲ್ಲಿ ಬಡಿಯುವ ಚಿಪ್ಪೊಂದು ಸರಿಯಾಗಿ ಧಾರವಾಡದ ಮೇಲೇ ಕೂರುತ್ತದೆ. ಮನೆಯಲ್ಲಿ ಸೋಲಾರ್ ದೀಪ ಹಾಕಿಸಿದ ಮೇಲೆ ರೇಡಿಯೊ ಗುಂಯ್‌ಗುಡುತ್ತದೆ ಎಂಬ ಹಿರಿಯರ ದೂರಿನ ಹಿಂದೆ ಇಂಥದ್ದೇ ಸ್ವಿಚ್ಚು ಇರಬಹುದು. ಅದೇ ದೂರನ್ನು ಪರೀಕ್ಷೆಯಾಗಿ ಬಳಸಬಹುದು. ಹಲಗೆಯ ಔಟ್‌ಪುಟ್ಟಿಗೆ 10 ಓಮಿನ, 5 ವ್ಯಾಟಿನ ರೆಸಿಸ್ಟರು ಕೊಟ್ಟು ಅರ್ಧ ಆಂಪ್ ಎಳೆಯಲು ಬಿಡಿ, ರೇಡಿಯೊವನ್ನು ಪಕ್ಕಕ್ಕೆ ತಂದು 531ರಿಂದ 1602ರವರೆಗೆ ಮುಳ್ಳನ್ನು ನಿಧಾನ ತಿರುಗಿಸಿ, ಗುಂಯ್ ಎನ್ನುವ ಜಾಗಗಳನ್ನು ಎಣಿಸಿ. ಆರೇಳೆಂಟು ಸಿಕ್ಕರೆ ವೇಗವಂತೂ ಚಿಪ್ಪಿನ ಮೇಲೆ ಬರೆದ ಹೆಸರಿಗೆ ತಕ್ಕದ್ದೇ. ಇಪ್ಪತ್ತರ ಆಸುಪಾಸು ಬಂದರೆ ಒಳಗಿರುವುದು ಐವತ್ತು ಸಾವಿರದ ಚಿಪ್ಪು. ಎಣಿಸುವುದು ನಡುಮಧ್ಯಾಹ್ನವೇ ಆಗಬೇಕು. ಕತ್ತಲಾದ ಮೇಲೆ ದೂರದೂರದ ಕೇಂದ್ರಗಳೆಲ್ಲ ಮುಳ್ಳಿನ ಉದ್ದಕ್ಕೂ ಬಂದು ಕೂರುತ್ತವೆ, ಯಾವುದು ಚಿಪ್ಪಿನ ಸದ್ದು ಯಾವುದು ಯಾವ ಊರಿನ ಆಕಾಶವಾಣಿ ಎಂದು ಬಿಡಿಸುವುದು ಕಷ್ಟ.